ಕತ್ತಲೆಗೆ ನೀಲಿ ಬಳಿದ ಟೀಚರ್

ಟೀಚರ್ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಕಂದು ಬಣ್ಣ ಕಟ್ಟಿಕೊಂಡಿರುತ್ತಿತ್ತು. ಸೋಪು ಹಾಕಿ ತಿಕ್ಕಿದರೂ ಹೋಗದು, ನಿಂಬೆಹಣ್ಣು ಉಜ್ಜಿದರೂ ಹೋಗದು. ಬ್ರಷ್ಷಿಗಿಂತ ಆ ಬೆರಳನ್ನೇ ಹೆಚ್ಚು ನಂಬಿದ್ದ ಹೆಂಗಸು ಅವರು. ಬಣ್ಣ ಹಚ್ಚುವುದು ಬ್ರಷ್ಷಿನಿಂದ, ಒರೆಸುವುದು, ಮಸುಕು ಮಾಡುವುದು, ಸಿಟ್ಟು ಬಂದರೆ ಅಳಿಸುವುದು ಎಲ್ಲ ಹೆಬ್ಬೆರಳಿನಿಂದ. ಊಟಕ್ಕೆ ಬಡಿಸುವಾಗ ಆ ಬೆರಳು ತಟ್ಟೆಯ ಅಂಚಿಗೆ ತಾಗಿದರೆ ಅವರ ಮಗ "ಮಮ್ಮಿ, ಪೇಂಟ್!" ಎಂದು ಕೂಗುತ್ತಿದ್ದ. "ಎಂಥ ಆಗುದಿಲ್ಲ ಮಾರಾಯ. ಅದು ಮಣ್ಣಿನ ಬಣ್ಣ. ತಿಂದ್ರೂ ಸಾಯುದಿಲ್ಲ," ಎಂದು ಇನ್ನೊಂದು ಸೌಟು ಹಾಕುತ್ತಿದ್ದರು.

ನಾನು ಅವರನ್ನು ಮೊದಲು ಕಂಡಾಗ ಆ ಬೆರಳಿನಲ್ಲಿ ಎಲ್ಲ ಬಣ್ಣವೂ ಇತ್ತು. ಹಳದಿ, ಹಸಿರು, ಎಲ್ಲಕ್ಕಿಂತ ಹೆಚ್ಚಾಗಿ ನೀಲಿ. ಆಮೇಲೆ ಕಂದು ಒಂದೇ ಉಳಿಯಿತು. ಹಾಗೆ ಆದದ್ದರಲ್ಲಿ ನನ್ನ ಪಾಲೂ ಇದೆ. ಅವರು ಬದುಕಿರುವವರೆಗೂ ಅದನ್ನು ಒಪ್ಪಲಿಲ್ಲ ಅನ್ನುವುದು ಬೇರೆ ಮಾತು.

ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಅವರ ಮಗನ ಮನೆ. ಮಂಗಳೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿ ನಿವೃತ್ತರಾಗಿ, ಗಂಡ ತೀರಿಕೊಂಡ ಮೇಲೆ ಮಗನ ಹತ್ತಿರ ಬಂದಿದ್ದರು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಮಂಗಳೂರು ಕನ್ನಡ, ಮೊಮ್ಮಕ್ಕಳ ಜೊತೆ ಬೈಗುಳಕ್ಕೆ ಮಾತ್ರ ಇಂಗ್ಲಿಷ್. ಶನಿವಾರ ಮಧ್ಯಾಹ್ನ ಗ್ಯಾರೇಜಿನಿಂದ ಕಾರು ಹೊರಗೆ ಹಾಕಿಸಿ ಡ್ರಾಯಿಂಗ್ ಕ್ಲಾಸ್ ನಡೆಸುತ್ತಿದ್ದರು. ಸುತ್ತಲಿನವರೆಲ್ಲ ಮಕ್ಕಳನ್ನು ಕಳಿಸುತ್ತಿದ್ದರು. ನಾನು ನಾನೇ ಹೋಗಿ ಸೇರಿಕೊಂಡೆ. ಮೈಸೂರಿನಿಂದ ಬಂದು ಹೊಸತು, ಕೆಲಸ ಸಿಕ್ಕಿರಲಿಲ್ಲ, ಗಂಡ ಆಫೀಸಿಗೆ ಹೋದ ಮೇಲೆ ಫ್ರಿಜ್ಜಿನ ಸದ್ದು ಕೇಳುತ್ತ ಕೂತರೆ ಹುಚ್ಚು ಹಿಡಿಯುವ ಹಾಗಾಗುತ್ತಿತ್ತು. "ಟೀಚರ್, ದೊಡ್ಡವರಿಗೂ ಕಲಿಸ್ತೀರಾ?" ಎಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ದೊಡ್ಡವರು ಯಾರು? ನೀನಾ? ಕೂತ್ಕೋ. ಮೊಟ್ಟೆ ಬರಿ," ಎಂದರು. ಎಷ್ಟೋ ವಾರ ಮೊಟ್ಟೆಯೇ ಆಯಿತು.

ಅವರದೊಂದು ಕಾನೂನಿತ್ತು. ಹಾಳೆಯಲ್ಲಿ ಖಾಲಿ ಜಾಗ ಬಿಡಕೂಡದು. ಮನೆ ಬರೆದರೆ ಹಿಂದೆ ಆಕಾಶ, ಮರ ಬರೆದರೆ ಹಿಂದೆ ಆಕಾಶ. "ಹಿನ್ನೆಲೆ ತುಂಬ್ಸು! ಪರೀಕ್ಷೆಯಲ್ಲಿ ಖಾಲಿ ಬಿಟ್ರೆ ಮಾರ್ಕ್ಸ್ ಕಟ್!" ಎಂದು ಆಸ್ಟ್ರೇಲಿಯಾದ ಮಕ್ಕಳಿಗೆ ಇಲ್ಲದ ಪರೀಕ್ಷೆಯ ಭಯ ಹುಟ್ಟಿಸುತ್ತಿದ್ದರು. ತಪ್ಪು ಕಂಡರೆ "ಸೈಬಾ ಭೊಗೊಸ್!" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಸ್ವಾಮಿ, ಕ್ಷಮಿಸು ಎಂದು ಅರ್ಥವಂತೆ. ನನ್ನ ಮೊಟ್ಟೆಗಳಿಗೆ ಸ್ವಾಮಿ ಎಷ್ಟು ಸಲ ಕ್ಷಮಿಸಿದನೋ.

ಸೆಪ್ಟೆಂಬರಿನಲ್ಲಿ ಅಲ್ಲಿನ ಕೊಂಕಣಿ ಕ್ರಿಶ್ಚಿಯನ್ ಕುಟುಂಬಗಳು ಹತ್ತಿರದ ಹಳೆಯ ಚರ್ಚಿನ ಹಾಲ್‌ನಲ್ಲಿ ಮೊಂತಿ ಫೆಸ್ತ್ ಮಾಡುತ್ತಿದ್ದರು. ಮೇರಿ ಮಾತೆಯ ಹುಟ್ಟುಹಬ್ಬ ಅದು. ಮಕ್ಕಳು ಹೂವು ಹಾಕುತ್ತಾರೆ, ಹೊಸ ತೆನೆ ತರುತ್ತಾರೆ, ಊಟಕ್ಕೆ ಬರೀ ತರಕಾರಿ. "ಮೀನಿಲ್ಲದ ಹಬ್ಬ ನಮ್ಮಲ್ಲಿ ಇದೊಂದೇ ಇರೋದು. ನಿನ್ನನ್ನು ಧೈರ್ಯದಲ್ಲಿ ಕರೀಬಹುದು, ಬಾ," ಎಂದು ನನ್ನನ್ನು ಹಾಲ್ ಸಿಂಗಾರದ ಕೆಲಸಕ್ಕೆ ಎಳೆದುಕೊಂಡು ಹೋದರು. ಆ ಹಾಲ್ ಕಟ್ಟಿದವರು ಹಿಂದೆ ಬಂದ ಇಟಲಿಯವರು. ಅವರ ಮಕ್ಕಳು ಮೊಮ್ಮಕ್ಕಳು ಬೇರೆ ಬೇರೆ ಸಬರ್ಬ್ ಸೇರಿ, ಈಗ ಅಲ್ಲಿ ಹೆಚ್ಚಾಗಿ ನಮ್ಮವರು, ಫಿಲಿಪೀನ್ಸಿನವರು, ವಿಯೆಟ್ನಾಮಿನವರು.

ಅಲ್ಲಿ, ಟೀ ಕೊಡುವ ಕಿಟಕಿಯ ಪಕ್ಕದ ಗೋಡೆಯ ಮೇಲೆ, ಬಾಗಿಲಿನಷ್ಟು ದೊಡ್ಡದೊಂದು ಎಣ್ಣೆಬಣ್ಣದ ಚಿತ್ರ. ಮೊದಲ ನೋಟಕ್ಕೆ ಚಿತ್ರವೆಂದೇ ತಿಳಿಯುತ್ತಿರಲಿಲ್ಲ, ಅಷ್ಟು ಕಪ್ಪು. ಹತ್ತಿರ ಹೋದರೆ ಒಬ್ಬ ಕೆಲಸದ ಹುಡುಗಿ ಮೇಣದಬತ್ತಿ ಹಿಡಿದು, ಅದರ ಉರಿಗೆ ಅಂಗೈ ಅಡ್ಡ ಮಾಡಿಕೊಂಡಿದ್ದಾಳೆ. ಆ ಬೆಳಕು ಅವಳ ಗಲ್ಲದ ಮೇಲೆ, ಎದುರಿಗಿನ ಮುದುಕನ ಸುಕ್ಕಿನ ಹಣೆಯ ಮೇಲೆ, ಎದೆಯ ಕಡೆ ತಿರುಗಿಸಿಕೊಂಡ ಅವನ ಎರಡು ಕೈಗಳ ಮೇಲೆ. ಅಂಚಿನಲ್ಲೊಬ್ಬ ಸೈನಿಕನ ಶಿರಸ್ತ್ರಾಣ ಮಿಣುಕುತ್ತದೆ. ಉಳಿದದ್ದೆಲ್ಲ ಕತ್ತಲೆ. ಟೀಚರ್ ಕಥೆ ಹೇಳಿದರು. ಏಸುವನ್ನು ಹಿಡಿದುಕೊಂಡು ಹೋದ ರಾತ್ರಿ ಅವನ ಶಿಷ್ಯ ಪೇತ್ರ ಅಂಗಳದಲ್ಲಿ ಚಳಿ ಕಾಯಿಸುತ್ತಿದ್ದ. ಕೆಲಸದ ಹುಡುಗಿ ಗುರುತು ಹಿಡಿದು, ನೀನೂ ಅವನ ಕಡೆಯವನಲ್ಲವಾ ಎಂದಳು. ಪೇತ್ರ ಹೆದರಿ, ನಾನಾ? ನನಗೆ ಆತ ಯಾರೆಂದೇ ಗೊತ್ತಿಲ್ಲ ಎಂದುಬಿಟ್ಟ. ಹಾಗೆ ಮೂರು ಸಲ. ಆಮೇಲೆ ಹುಂಜ ಕೂಗಿತು.

"ಎಷ್ಟು ಹೊಗೆ ಹಿಡಿದಿದೆ ನೋಡು. ಯಾರೂ ಕೈ ಹಾಕ್ಲಿಲ್ಲ ಪಾಪ," ಎಂದರು ಟೀಚರ್. ಅವರ ಊರಿನಲ್ಲಿ ಹಬ್ಬಕ್ಕೆ ಮುಂಚೆ ಇಗರ್ಜಿಯ ಪ್ರತಿಮೆಗಳಿಗೆಲ್ಲ ಹೊಸ ಬಣ್ಣ ಆಗಬೇಕಂತೆ. ಮಾತೆಯ ಸೆರಗು ಹೊಸ ನೀಲಿಯಾಗದೆ ಹಬ್ಬವೇ ಇಲ್ಲ. ಆ ಕೆಲಸ ವರ್ಷ ವರ್ಷ ಮಾಡುತ್ತಿದ್ದದ್ದು ಇವರೇ. ಹಬ್ಬದ ಸಮಿತಿಯವರನ್ನು ಕೇಳಿದೆವು. "ಚೆನ್ನಾಗಿ ಮಾಡಿ ಆಂಟಿ," ಎಂದರು. ಸರಿ, ಶುರುಮಾಡಿದೆವು. ಮೊದಲು ಅರ್ಧ ಕತ್ತರಿಸಿದ ಆಲೂಗಡ್ಡೆಯಿಂದ ಉಜ್ಜಿದರು, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಬಿಸಿನೀರು, ಆಮೇಲೆ ಟರ್ಪೆಂಟೈನ್. ನಾನು ಕೆಳಗೆ ಏಣಿ ಹಿಡಿದಿದ್ದೆ. ಬಲಗಡೆಯ ಮೇಲಿನ ಮೂಲೆಯಲ್ಲಿ ಏನೋ ಮಸುಕಾಗಿ ಉಳಿದದ್ದು ಕಂಡಿತು. "ಟೀಚರ್, ಅಲ್ಲೊಂದು ಕಲೆ ಹಾಗೇ ಇದೆ. ಇನ್ನೂ ಸ್ವಲ್ಪ ತಿಕ್ಕಿ," ಎಂದೆ. ತಿಕ್ಕಿದರು. ಕಲೆ ಹೋಯಿತು. "ಭೇಷ್!" ಎಂದೆ ಬೇರೆ.

ಆಮೇಲೆ ಆ ಕಪ್ಪಿಗೆಲ್ಲ ಆಕಾಶ ಬಂತು. "ಹುಂಜ ಕೂಗುವ ಹೊತ್ತಲ್ವಾ? ಬೆಳಗಾಗ್ತಾ ಉಂಟು. ಆಕಾಶ ಇರ್ಲೇಬೇಕು," ಎಂದು ನೀಲಿ, ಅಂಚಿಗೆ ಸ್ವಲ್ಪ ಗುಲಾಬಿ. ಸೈನಿಕನ ಹಿಂದೊಂದು ಗೋಡೆ, ಅದರ ಮೇಲೆ ಕೆಂಪು ಜುಟ್ಟಿನ ಪುಟ್ಟ ಹುಂಜ. ಹಬ್ಬದ ದಿನ ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಆ ಚರ್ಚಿನ ಫಾದರ್ ವಿಯೆಟ್ನಾಮಿನವರು, ಆ ತಿಂಗಳು ರಜೆಯಲ್ಲಿದ್ದರು. ನಾನಂತೂ ಟೀಚರನ್ನು ಅಪ್ಪಿಕೊಂಡು, "ಹಾಲ್‌ಗೆ ಲೈಟ್ ಹಾಕಿದ ಹಾಗಾಯ್ತು!" ಎಂದಿದ್ದೆ. ಅವತ್ತು ಅವರು ಎರಡು ಸಲ ಪಾಯಸ ಹಾಕಿಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಕೆಲವು ವಾರ ಕಳೆದು, ಭಾನುವಾರದ ಪೂಜೆ ಮುಗಿದ ಮೇಲೆ ಹಾಲ್‌ನಲ್ಲಿ ಟೀ ನಡೆಯುತ್ತಿತ್ತು. ಅವತ್ತು ಟೀಚರ್ ಜೊತೆ ನಾನೂ ಹೋಗಿದ್ದೆ. ಒಬ್ಬ ಇಟಾಲಿಯನ್ ಅಜ್ಜಿ ವಾಕರ್ ತಳ್ಳಿಕೊಂಡು ಒಳಗೆ ಬಂದರು. ಸೊಂಟದ ಆಪರೇಷನ್ ಆಗಿ ತಿಂಗಳುಗಟ್ಟಲೆ ಬಂದಿರಲಿಲ್ಲವಂತೆ. ನೇರ ಚಿತ್ರದ ಹತ್ತಿರ ಹೋದರು. ಪೇತ್ರನನ್ನು ನೋಡಲಿಲ್ಲ, ಹುಡುಗಿಯನ್ನು ನೋಡಲಿಲ್ಲ. ತಲೆ ಎತ್ತಿ ಬಲಗಡೆಯ ಮೂಲೆಯನ್ನೇ ನೋಡಿದರು. ಬಹಳ ಹೊತ್ತು ನೋಡಿ ನಮ್ಮ ಕಡೆ ತಿರುಗಿ ಅರೆಬರೆ ಇಂಗ್ಲಿಷಿನಲ್ಲಿ ಕೇಳಿದರು.

"ನನ್ನ ಅಣ್ಣ ಎಲ್ಲಿ?"

ನಮಗೆ ಅರ್ಥವಾಗಲಿಲ್ಲ. ಫಾದರ್ ಬಂದು ಅವರನ್ನು ಕೂರಿಸಿ ನಿಧಾನವಾಗಿ ಕೇಳಿದ ಮೇಲೆ ಗೊತ್ತಾಯಿತು. ಆ ಚಿತ್ರ ಬರೆದದ್ದು ಅವರ ಅಪ್ಪ. ಹಗಲೆಲ್ಲ ಇಟ್ಟಿಗೆ ಕೆಲಸ, ಸಂಜೆ ಚಿತ್ರ. ತನ್ನ ಊರಿನ ಇಗರ್ಜಿಯಲ್ಲಿ ಚಿಕ್ಕಂದಿನಲ್ಲಿ ಕಂಡ ನಾನೂರು ವರ್ಷದ ಹಳೆಯ ಚಿತ್ರವೊಂದನ್ನು ನೆನಪಿನಿಂದಲೇ ಇಲ್ಲಿ ಬರೆದು ಹಾಲ್‌ಗೆ ಕೊಟ್ಟಿದ್ದ. ಪೇತ್ರನಿಗೆ ತನ್ನ ಮುಖ, ಹುಡುಗಿಗೆ ಹೆಂಡತಿಯ ಮುಖ. ಮೂಲೆಯ ಕತ್ತಲೆಯೊಳಗೆ ಏಸು. ಹುಂಜ ಕೂಗಿದಾಗ ಏಸು ಹಿಂತಿರುಗಿ ಪೇತ್ರನನ್ನು ನೋಡಿದನೆಂದು ಬೈಬಲಿನಲ್ಲಿದೆ. ಆ ನೋಟವನ್ನು ಅವನು ಕತ್ತಲೆಗಿಂತ ಒಂದೇ ಒಂದು ಕೂದಲೆಳೆಯಷ್ಟು ತಿಳಿಯಾಗಿ ಬರೆದಿದ್ದ. ನಿಂತು ಕಾದವರಿಗೆ ಮಾತ್ರ ಕಾಣಬೇಕು. ಆ ಏಸುವಿಗೆ ಕೊಟ್ಟದ್ದು ಸತ್ತುಹೋದ ಮಗನ ಮುಖ. ಕಲ್ಲಿನ ಕ್ವಾರಿಯಲ್ಲಿ ಕೆಲಸಕ್ಕೆ ಹೋಗಿ ಹುಡುಗನಾಗಿರುವಾಗಲೇ ಸತ್ತ ಮಗ. ಮನೆಯಲ್ಲಿದ್ದ ಅವನ ಫೋಟೋಗಳನ್ನೆಲ್ಲ ತಾಯಿ ದುಃಖದಲ್ಲಿ ಶವಪೆಟ್ಟಿಗೆಯೊಳಗೆ ಇಟ್ಟುಬಿಟ್ಟಿದ್ದಳು. ಭೂಮಿಯ ಮೇಲೆ ಆ ಹುಡುಗನ ಮುಖ ಇದ್ದದ್ದು ಆ ಮೂಲೆಯಲ್ಲಿ ಮಾತ್ರ.

ಕಲೆ ಎಂದು ಬೆರಳು ಮಾಡಿ ತೋರಿಸಿದವಳು ನಾನು. "ಫಾದರ್, ನಾನೇ ಹೇಳಿದ್ದು, ಅಲ್ಲಿ ತಿಕ್ಕಿ ಅಂತ—" ಎಂದು ಬಾಯಿ ತೆರೆದೆ.

ಟೀಚರ್ ಕನ್ನಡದಲ್ಲಿ ಗದರಿದರು. "ನೀನು ಸುಮ್ನಿರು! ಬ್ರಷ್ ಯಾರ ಕೈಯಲ್ಲಿತ್ತು?" ಆಮೇಲೆ ಇಂಗ್ಲಿಷಿನಲ್ಲಿ ಫಾದರ್‌ಗೆ, "ನನ್ನ ಕೈ. ನನ್ನ ಕೈ ಒಂದೇ."

ಅಜ್ಜಿ ಕೂಗಾಡಿದ್ದರೆ ನಮಗೆ ಅರ್ಧ ಹಗುರಾಗುತ್ತಿತ್ತು. ಅವರು ಕೂಗಾಡಲಿಲ್ಲ. ಹುಂಜದ ಕಡೆ ಕೈ ತೋರಿಸಿ, "ಇದು ಚೆನ್ನಾಗಿದೆ," ಎಂದು ಬಿಸ್ಕತ್ತನ್ನು ಟೀಗೆ ಅದ್ದಿದರು.

ಚಿತ್ರ ದುರಸ್ತಿ ಮಾಡುವ ಒಬ್ಬ ಹೆಂಗಸನ್ನು ಫಾದರ್ ಸಿಟಿಯಿಂದ ಕರೆಸಿದರು. ಆಕೆ ನೀಲಿಯನ್ನು, ಗೋಡೆಯನ್ನು, ಹುಂಜವನ್ನು ಹತ್ತಿಯುಂಡೆಯಿಂದ ಅಂಗುಲ ಅಂಗುಲವಾಗಿ ತೆಗೆದಳು. ಟೀಚರ್ ಅಷ್ಟು ದಿನವೂ ಅಲ್ಲೇ ಕುರ್ಚಿ ಹಾಕಿಕೊಂಡು ಜಪಮಾಲೆ ಹಿಡಿದು ಕೂತಿದ್ದರು. ಕಡೆಗೆ ಆಕೆ ತಲೆ ಅಲ್ಲಾಡಿಸಿದಳು. ಮೇಲೆ ಬಳಿದ ಬಣ್ಣ ಕಿತ್ತು ಬಂತು, ಆದರೆ ಅದಕ್ಕೂ ಮೊದಲು ಉಜ್ಜಿದ್ದರಲ್ಲ, ಆಗಲೇ ಮುಖ ಹೋಗಿದೆ. ಮೂಲೆಯಲ್ಲಿ ಕ್ಯಾನ್ವಾಸಿನ ಸವೆದ ಕಂದು ಬಟ್ಟೆ ಮಾತ್ರ ಉಳಿದಿತ್ತು. ಉಜ್ಜಿದ್ದು ಅಂದರೆ ಯಾರ ಮಾತಿನ ಮೇಲೆ ಎಂದು ನಾನೊಬ್ಬಳೇ ಲೆಕ್ಕ ಹಾಕುತ್ತ ನಿಂತೆ.

ಟೀಚರ್ ಪಾಪನಿವೇದನೆಗೆ ಹೋದರು. ಹೊರಗೆ ಬಂದವರ ಮುಖ ಹಾಗೇ ಇತ್ತು. "ಕ್ಷಮೆ ಆಯ್ತು ಅಂತ ಹೇಳಿದ್ರು ಫಾದರ್. ದೇವರದ್ದು ಸರಿ ಆಯ್ತು. ದೇವರ ಅಣ್ಣನನ್ನಾ ನಾನು ಅಳಿಸಿದ್ದು?" ಎಂದರು. "ಟೀಚರ್, ನಂದೂ ತಪ್ಪಿದೆ," ಎಂದೆ ಕಾರಿನಲ್ಲಿ. "ನಿಂದು ಬಾಯಿ. ನಂದು ಕೈ. ಬಾಯಿಗೆ ಎಂಥ ಗೊತ್ತು? ಕೈಗೆ ಗೊತ್ತಿರ್ಬೇಕಿತ್ತು." ಇನ್ನೆರಡು ಸಲ ಹೇಳಿ ನೋಡಿದೆ. ಕಡೆಗೆ, "ಇದನ್ನು ನನ್ನಿಂದ ಕಿತ್ಕೊಳ್ಳಿಕ್ಕೆ ಬರ್ಬೇಡ," ಎಂದು ನಿಜವಾಗಿ ಸಿಟ್ಟಾದರು. ತಪ್ಪಿನಲ್ಲೂ ಪಾಲು ಕೊಡದ ಜಿಪುಣಿ ಅವರು. ಆ ಜಿಪುಣತನ ನನ್ನನ್ನು ಎಷ್ಟು ಸುಡುತ್ತದೆಂದು ಅವರಿಗೆ ಹೊಳೆಯಲೇ ಇಲ್ಲ.

ಆಮೇಲೆ ಅವರು ಕತ್ತಲೆ ಕಲಿಯಲು ಹೊರಟರು. ಈ ವಯಸ್ಸಿನಲ್ಲಿ. ಟಾರ್ನೀಟ್‌ನಿಂದ ರೈಲು ಹತ್ತಿ ಸಿಟಿಯ ದೊಡ್ಡ ಗ್ಯಾಲರಿಗೆ ಹೋಗಿ, ನಾನೂರು ವರ್ಷದ ಹಿಂದಿನ ಯುರೋಪಿನ ಚಿತ್ರಗಳಿರುವ ಕೋಣೆಯಲ್ಲಿ ಒಂದೇ ಚಿತ್ರದ ಮುಂದೆ ಮಧ್ಯಾಹ್ನವೆಲ್ಲ ನಿಲ್ಲುತ್ತಿದ್ದರು. ನನ್ನನ್ನೂ ಕರೆದೊಯ್ದರು. ನನಗೆ ಕಂಡದ್ದು ಕಪ್ಪು. ಅವರು ತೋಳು ಹಿಡಿದು ನಿಲ್ಲಿಸಿಕೊಂಡರು.

"ಓಡ್ಬೇಡ. ನಿಲ್ಲು. ನಾವು ಬಿಳಿ ಹಾಳೆ ಮೇಲೆ ಬಣ್ಣ ಹಾಕ್ತೇವೆ ಅಲ್ವಾ? ಇವರು ಮೊದಲು ಇಡೀ ಬಟ್ಟೆಗೆ ಕಂದು ಬಳಿದಿದ್ದಾರೆ. ಕತ್ತಲೆ ಮೊದಲು. ಬೆಳಕು ಆಮೇಲೆ ಬಂದದ್ದು, ಅದೂ ಒಂದೇ ಕಡೆಯಿಂದ, ಬೇಕಾದಷ್ಟೇ. ಆ ಮುದುಕನ ಕಾಲು ನೋಡು, ಹಿಮ್ಮಡಿಯಲ್ಲಿ ಮಣ್ಣು. ಸಂತ ಅಂತ ತೊಳೆದು ಕೊಟ್ಟಿಲ್ಲ. ಬೀದಿಯಲ್ಲಿ ಹೋಗುವವರನ್ನೇ ಕರೆದು ಕೂರಿಸಿ ಬರೀತಿದ್ರಂತೆ." ಅಲ್ಲಿಂದ ಕಣ್ಣು ತೆಗೆಯದೆ, "ಎಷ್ಟು ಕೆಲಸ ಉಂಟು ಮಾರಾಯ್ತಿ ಕತ್ತಲೆಯಲ್ಲಿ! ನಾನು ಖಾಲಿ ಜಾಗ ಅಂತ ಮಾರ್ಕ್ಸ್ ಕಟ್ ಮಾಡ್ತಿದ್ದೆ. ಎಷ್ಟು ಮಕ್ಕಳಿಗೆ ಮಾಡಿದೆನೋ. ಒಬ್ಬಳು ಹುಡುಗಿ ಇಡೀ ಹಾಳೆ ಕಪ್ಪು ಮಾಡಿ ಮಧ್ಯದಲ್ಲಿ ಒಂದು ಕಿಟಕಿ ಬರೆದು ತಂದಿದ್ಳು. ಹರಿದು ಹಾಕಿದೆ," ಎಂದರು. ಅಲ್ಲೇ ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಗ್ಯಾಲರಿಯ ಕಾವಲಿನವಳು ನೀರು ತಂದುಕೊಟ್ಟಳು.

ಗ್ಯಾರೇಜಿನಲ್ಲಿ ಬಣ್ಣಗಳು ಬದಲಾದವು. ನೀಲಿಯ ಟ್ಯೂಬುಗಳು ಮಕ್ಕಳಿಗೆ ಹೋದವು. ತಾವು ಕಂದಿನ ಮೇಲೆ ತೆಳ್ಳನೆಯ ಕಂದು ಹಚ್ಚಿ, ಒಣಗುವವರೆಗೆ ಕಾದು, ಮತ್ತೆ ಹಚ್ಚಿ, ಹೆಬ್ಬೆರಳಿನಿಂದ ಒರೆಸುತ್ತಿದ್ದರು. ಮೂಲೆಯಲ್ಲಿ ಆ ಮುಖವನ್ನು ವಾಪಸ್ಸು ಬರೆಯಲು ಫಾದರ್ ಒಪ್ಪಿಗೆ ಕೊಟ್ಟಿದ್ದರು, ಅಜ್ಜಿ ಇದೇ ಎಂದರೆ ಮಾತ್ರ ಎಂಬ ಷರತ್ತಿನ ಮೇಲೆ. ಆದರೆ ಯಾವ ಮುಖ?

ಅಷ್ಟರಲ್ಲಿ ಅಜ್ಜಿಯನ್ನು ಅವರ ಮಗಳು ಊರಿನ ಇನ್ನೊಂದು ತುದಿಗೆ, ಡ್ಯಾಂಡಿನಾಂಗ್‌ನ ವೃದ್ಧರ ಮನೆಗೆ ಸೇರಿಸಿದ್ದಳು. ಪ್ರತಿ ಗುರುವಾರ ಟೀಚರ್ ರೈಲು ಬದಲಿಸಿ, ಬಸ್ಸು ಹಿಡಿದು ಅಲ್ಲಿಗೆ ಹೋಗತೊಡಗಿದರು. ಕೈಚೀಲದಲ್ಲಿ ಇದ್ದಿಲ ಕಡ್ಡಿ, ಕಾಗದ, ಮನೆಯಲ್ಲಿ ಮಾಡಿದ ಚಕ್ಕುಲಿಯ ಡಬ್ಬಿ. ನನಗೆ ರಜೆ ಇದ್ದ ಗುರುವಾರ ಕಾರಿನಲ್ಲಿ ಬಿಡುತ್ತಿದ್ದೆ. ಇಬ್ಬರೂ ಕಿಟಕಿಯ ಹತ್ತಿರ ಎದುರುಬದುರು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ.

"ಕಿವಿ?"

"ಕಿವಿ ಹೊರಗೆ. ಗಾಳಿಗೆ ಹಾರುವ ಹಾಗೆ."

"ಮೂಗು?"

"ಅಪ್ಪನ ಮೂಗು. ಆದರೆ ಅಷ್ಟು ಸಿಟ್ಟಿಲ್ಲ."

ಟೀಚರ್ ಬರೆದು ತೋರಿಸುತ್ತಿದ್ದರು. ಅಜ್ಜಿಗೆ ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿತ್ತು. ತಲೆ ಓರೆ ಮಾಡಿ ಕಣ್ಣಂಚಿನಿಂದ ನೋಡುತ್ತಿದ್ದರು. "ನೋ. ಇವನು ಬ್ಯಾಂಕಿನವನು." "ನೋ. ಇವನು ತುಂಬ ಒಳ್ಳೆಯವನು, ನನ್ನ ಅಣ್ಣ ಕದ್ದು ಸಿಗರೇಟು ಸೇದುತ್ತಿದ್ದ." ಟೀಚರ್ ಸೋಲುತ್ತಿರಲಿಲ್ಲ. ಸಿಗರೇಟು ಸೇದುವಾಗ ಹುಬ್ಬು ಹೇಗಾಗುತ್ತಿತ್ತು, ಅಮ್ಮ ಬೈದರೆ ಯಾವ ಕಡೆ ನೋಡುತ್ತಿದ್ದ, ನಿದ್ದೆಯಲ್ಲಿ ಬಾಯಿ ತೆರೆಯುತ್ತಿತ್ತಾ ಎಂದು ಕೆದಕಿ ಕೆದಕಿ ಕೇಳುತ್ತಿದ್ದರು. ನಡುನಡುವೆ ಇಬ್ಬರಿಗೂ ಜಗಳ. ಚಕ್ಕುಲಿ ಗಟ್ಟಿ ಎಂದು ಅಜ್ಜಿ, ನಿಮ್ಮ ಬಿಸ್ಕತ್ತು ಕಲ್ಲು ಎಂದು ಟೀಚರ್. ಅಜ್ಜಿಯನ್ನು ಅವರು, ಇಟಲಿಯವರು ಅಮ್ಮಾ ಅನ್ನುವ ಹಾಗೆ, ಸಿನ್ಯೋರಾ ಎಂದು ಕರೆಯುತ್ತಿದ್ದರು. "ನಮ್ಮ ಸಿನ್ಯೋರಾ ಭಾರಿ ಜೋರು," ಎಂದು ನನ್ನ ಹತ್ತಿರ ಹೇಳುವಾಗ ಅವರ ದನಿಯಲ್ಲಿ ಅಭಿಮಾನ ಇರುತ್ತಿತ್ತು.

ಒಂದು ಗುರುವಾರ ನಾನೂ ಇದ್ದೆ. ಟೀಚರ್ ಬರೆದುಕೊಟ್ಟ ಹಾಳೆಯನ್ನು ಅಜ್ಜಿ ಎರಡು ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದರು. "ಸಿ," ಎಂದರು, ಹೌದು ಎಂದು. "ಸಿ, ಸಿ. ಇವನೇ." ಹಾಳೆಗೆ ಮುತ್ತಿಟ್ಟರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಟೀಚರ್‌ಗಿಂತ ನನಗೇ ಹೆಚ್ಚು. ನನ್ನ ಎದೆಯ ಮೇಲಿನ ಕಲ್ಲೂ ಇಳಿಯುತ್ತಿತ್ತಲ್ಲ.

ಕಾರು ಫ್ರೀವೇ ಹತ್ತಿದ ಮೇಲೆ ಟೀಚರ್, "ಅವರು ಹಾಳೆ ತಲೆಕೆಳಗೆ ಹಿಡಿದಿದ್ರು. ನೀನು ನೋಡ್ಲಿಲ್ವಾ?" ಎಂದರು.

ನಾನು ನೋಡಿರಲಿಲ್ಲ.

"ಮತ್ತೆ ಇವನೇ ಅಂತ ಯಾಕೆ ಅಂದ್ರು?"

"ನನ್ನನ್ನು ಬಿಡ್ಲಿಕ್ಕೆ. ಪಾಪ, ನನ್ನ ಮೇಲೆ ಕರುಣೆ ಬಂತು ಅವರಿಗೆ."

"ಬಿಟ್ಟರೆ ಬಿಡಿಸಿಕೊಳ್ಳಿ ಟೀಚರ್! ಅವರೇ ಸಾಕು ಅಂದ ಮೇಲೆ ನಿಮಗೇನು?"

ಬಲವಾಗಿ ತಲೆ ಅಲ್ಲಾಡಿಸಿದರು. "ಒಂದು ಸಲ ಅವರ ಅಣ್ಣನನ್ನು ಅಳಿಸಿದೆ. ಈಗ ಆ ಜಾಗದಲ್ಲಿ ಬೇರೆ ಯಾರನ್ನೋ ತಂದು ಕೂರಿಸ್ಲಾ? ಮತ್ತೆ ಭಾನುವಾರ ಭಾನುವಾರ ನೋಡಿ ಸಮಾಧಾನ ಮಾಡಿಕೊಳ್ಳಲಾ? ಅದು ಆಗುದಿಲ್ಲ."

ಅವರು ಆ ಮುಖವನ್ನು ಹಾಲ್‌ನ ಚಿತ್ರಕ್ಕೆ ಸೇರಿಸಲಿಲ್ಲ. ಮೂಲೆಗೆ ಕತ್ತಲೆ ಮಾತ್ರ ಹಚ್ಚಿದರು. ಪದರದ ಮೇಲೆ ಪದರ, ಮಳೆಗಾಲ ಕಳೆಯುವಷ್ಟು ನಿಧಾನಕ್ಕೆ. ಮುಗಿದಾಗ ದುರಸ್ತಿಯ ಹೆಂಗಸೇ ಬಂದು ನೋಡಿ, ಯಾವುದು ಹಳೆಯದು ಯಾವುದು ಹೊಸದು ಎಂದು ಕೈ ಸವರಿ ನೋಡಬೇಕಾಯಿತು. ನಾನು ಅದರ ಮುಂದೆ ಬಹಳ ಸಲ ನಿಂತಿದ್ದೇನೆ. ಯಾರೋ ಇದ್ದಾರೆ, ಇನ್ನೇನು ಕಾಣುತ್ತಾರೆ ಅನ್ನಿಸುತ್ತದೆ. ಯಾರೂ ಇಲ್ಲ. ಟೀಚರ್ ಮಾತ್ರ ಅದನ್ನು ನೋಡುತ್ತಲೇ ಇರಲಿಲ್ಲ. ಗುರುವಾರಗಳನ್ನೂ ನಿಲ್ಲಿಸಲಿಲ್ಲ. "ನಿಜವಾದ ಮುಖ ಸಿಕ್ಕಿದ ದಿನ ಅಲ್ಲಿ ಹಾಕ್ತೇನೆ. ಜಾಗ ಇಟ್ಟಿದ್ದೇನೆ," ಎನ್ನುತ್ತಿದ್ದರು.

ನಾವು ಸಿಡ್ನಿಗೆ ಬಂದೆವು. ಗಂಡನಿಗೆ ಕೆಲಸ, ಮಾರ್ಸ್ಡನ್ ಪಾರ್ಕ್‌ನಲ್ಲಿ ಮನೆ, ಮಾರ್ಟ್‌ಗೇಜ್, ನನಗೂ ಒಂದು ಕೆಲಸ. ನಿಜ ಹೇಳಬೇಕೆಂದರೆ ಆ ಹಾಲ್‌ನಿಂದ ದೂರ ಹೋದದ್ದು ನನಗೆ ಹಾಯೆನಿಸಿತ್ತು. ಟೀಚರ್ ಆಗಾಗ ಫೋನ್ ಮಾಡುತ್ತಿದ್ದರು. "ಒಂದು ಸಲ ಬಾ. ನೀನು ಇದ್ರೆ ಸಿನ್ಯೋರಾ ಹೆಚ್ಚು ಮಾತಾಡ್ತಾರೆ," ಎನ್ನುತ್ತಿದ್ದರು. ಕಡೆಯ ಸಲ ಮಾಡಿದಾಗ ಫೆಬ್ರವರಿ. ಅವರ ಉಪವಾಸದ ದಿನಗಳು ಶುರುವಾಗಿದ್ದವು. "ಈಸ್ಟರ್‌ಗೆ ಬಂದೇ ಬರ್ತೀನಿ ಟೀಚರ್," ಎಂದೆ. ಟಿಕೆಟ್ ಬುಕ್ ಮಾಡಲಿಲ್ಲ. ಈಸ್ಟರ್‌ಗೆ ಇನ್ನೂ ವಾರಗಳಿರುವಾಗ ಅವರ ಮಗ ಫೋನ್ ಮಾಡಿದ. ನಿದ್ದೆಯಲ್ಲೇ ಹೋಗಿದ್ದರು.

ಮಣ್ಣು ಮಾಡುವ ದಿನಕ್ಕೆ ಹೋದೆ. ಬಂದವರೆಲ್ಲ ಅವರ ಅಡುಗೆ, ಅವರ ಬೈಗುಳ, ಗ್ಯಾರೇಜಿನ ಕ್ಲಾಸಿನ ಬಗ್ಗೆ ಮಾತಾಡಿದರು. ಹಾಲ್‌ನ ಚಿತ್ರದ ಬಗ್ಗೆ ಯಾರೂ ಮಾತೆತ್ತಲಿಲ್ಲ. ಸಂಜೆ ಅವರ ಮಗ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕ, ಡ್ಯಾಂಡಿನಾಂಗ್ ಅಜ್ಜಿಗೆ ಇನ್ನೂ ಹೇಳಿಲ್ಲ. ಐ ಕಾಂಟ್. ನೀವು ಹೇಳ್ತೀರಾ?" ಎಂದ.

ಮರುದಿನ ಹೋದೆ. ಅಜ್ಜಿ ಅದೇ ಕಿಟಕಿಯ ಹತ್ತಿರ ಕೂತಿದ್ದರು. ಕಣ್ಣು ಈಗ ಪೂರ್ತಿ ಹೋಗಿತ್ತು. ಹೆಜ್ಜೆ ಕೇಳಿ, "ತಡ ಮಾಡಿದೆ," ಎಂದರು. ನಾನು ಟೀಚರ್ ಅಲ್ಲ ಎಂದೆ. ಆಮೇಲೆ ಹೇಳಬೇಕಾದ್ದನ್ನು ಹೇಳಿದೆ. ಶಿಲುಬೆಯ ಗುರುತು ಮಾಡಿಕೊಂಡರು. ನನಗೆ ತಡೆಯಲಾಗಲಿಲ್ಲ. "ಸಿನ್ಯೋರಾ, ಆ ಮೂಲೆಯನ್ನು ತಿಕ್ಕಿ ಅಂತ ಹೇಳಿದ್ದು ನಾನು. ಕಲೆ ಅಂದದ್ದು ನಾನು. ಅವರು ನನಗೆ ಹೇಳಲಿಕ್ಕೇ ಬಿಡಲಿಲ್ಲ," ಎಂದು ಅತ್ತೆ.

"ಗೊತ್ತು," ಎಂದರು ಅಜ್ಜಿ. "ಮೊದಲ ದಿನವೇ ನಿನ್ನ ಮುಖ ನೋಡಿ ಗೊತ್ತಾಯಿತು. ಆಗ ಸ್ವಲ್ಪ ಕಾಣುತ್ತಿತ್ತಲ್ಲ." ಕೈ ಚಾಚಿ ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು. "ಅವಳ ಮುಖವನ್ನು ಮಾತ್ರ ನಾನು ಸರಿಯಾಗಿ ನೋಡಲೇ ಇಲ್ಲ. ಅವತ್ತು ಹಾಲ್‌ನಲ್ಲಿ ಸಿಟ್ಟಿಗೆ ನೋಡಲಿಲ್ಲ. ಆಮೇಲೆ ಇಲ್ಲಿಗೆ ಬರುವ ಹೊತ್ತಿಗೆ ಎದುರಿಗೆ ಕೂತವರ ಮುಖದ ಜಾಗದಲ್ಲಿ ಮಬ್ಬು. ಎಷ್ಟು ಗುರುವಾರ ಬಂದು ನನ್ನ ಅಣ್ಣನ ಮುಖ ಕೇಳಿದಳು! ನೀನು ಹೇಳು. ಹೇಗಿದ್ದಳು?"

"ದುಂಡು ಮುಖ," ಎಂದೆ.

"ಮುದುಕಿಯರೆಲ್ಲ ದುಂಡು ಮುಖ. ಹುಬ್ಬು?"

ಹುಬ್ಬು ಹೇಗಿತ್ತು? ಮೂಗು? ಸಿಟ್ಟು ಬಂದರೆ ತುಟಿ ಯಾವ ಕಡೆ ಹೋಗುತ್ತಿತ್ತು? ವರ್ಷಗಟ್ಟಲೆ ಎದುರಿಗೆ ಕೂತಿದ್ದೇನೆ, ಅವರ ಕೈಯಿಂದ ಊಟ ಮಾಡಿದ್ದೇನೆ. ಫೋನು ತೆಗೆದು ಅವರ ಫೋಟೋ ಹುಡುಕತೊಡಗಿದೆ. ಫೋನಿನ ಟಕ್ ಟಕ್ ಸದ್ದು ಅಜ್ಜಿಗೆ ಕೇಳಿಸಿತು.

"ಅದನ್ನು ಒಳಗಿಡು. ಅವಳಿಗೆ ನಾನು ಫೋಟೋ ಕೊಟ್ಟೆನಾ?"

ಒಳಗಿಟ್ಟೆ. ಕಣ್ಣು ಮುಚ್ಚಿದೆ. ಅವರ ಕೋಪ ಬಂತು, ದನಿ ಬಂತು, ಮುಖ ಬರಲಿಲ್ಲ. ನಾಚಿಕೆಯಾಯಿತು. ಅವರು ನನ್ನ ಪಾಲಿನ ಭಾರವನ್ನೂ ಹೊತ್ತುಕೊಂಡು ಊರಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದಾಗ, ನನಗೆ ಯಾವಾಗ ಬಿಡುಗಡೆ ಸಿಗುತ್ತದೆಂದು ನಾನು ನನ್ನನ್ನೇ ನೋಡಿಕೊಂಡು ಕೂತಿದ್ದೆ.

"ಗುರುವಾರ ಬಾ," ಎಂದರು ಅಜ್ಜಿ.

"ನಾನಿರುವುದು ಸಿಡ್ನಿಯಲ್ಲಿ, ಸಿನ್ಯೋರಾ."

"ಹಾಗಾದರೆ ಫೋನ್ ಮಾಡು."

ಗುರುವಾರ ಊಟದ ಬಿಡುವಿನಲ್ಲಿ ಕಾರಿನಲ್ಲಿ ಕೂತು ಫೋನ್ ಮಾಡುತ್ತೇನೆ. ನರ್ಸ್ ಅವರ ಕಿವಿಗೆ ಹಿಡಿಯುತ್ತಾಳೆ. ನಾನು ಹೇಳುತ್ತೇನೆ, ಅವರು ಕೇಳುತ್ತಾರೆ, ಬೇಡ ಎನ್ನುತ್ತಾರೆ. ಇದನ್ನೆಲ್ಲ ಬರೆಯಲು ಕೂತದ್ದೂ, ಬರೆಯುತ್ತ ಹೋದರೆ ಎಲ್ಲಾದರೂ ಆ ಮುಖ ಸಿಕ್ಕೀತೇ ಎಂದು. ಕಳೆದ ವಾರ ಕೆನ್ನೆಯ ಬಗ್ಗೆ ಹೇಳಿದೆ. ನಕ್ಕರೆ ಕೆನ್ನೆ ಮೇಲೆದ್ದು ಕಣ್ಣು ಸಣ್ಣಗಾಗುತ್ತಿತ್ತು, ಸಿಟ್ಟಿನಲ್ಲಿದ್ದಾಗಲೂ ಆ ನಗುವಿನ ಗೆರೆ ಪೂರ್ತಿ ಹೋಗುತ್ತಿರಲಿಲ್ಲ ಎಂದೆ. ಇದು ಸರಿ ಎಂದು ನನಗನ್ನಿಸಿತ್ತು.

"ನೋ," ಎಂದರು ಅಜ್ಜಿ. "ಅಂಥವರು ಡ್ಯಾಂಡಿನಾಂಗ್ ಬಸ್ಸಿನ ತುಂಬ ಇದ್ದಾರೆ. ಸರಿಯಾಗಿ ನೋಡಿಕೊಂಡು ಬಾ."

ಹೂಂ ಎಂದೆ.